ಬೇರಿಂಗ್ ಹೋದ ಸದ್ದು

ಆರೋಗ್ಯವಾಗಿರಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಬಾಡಿಗೆ ಮನೆಯಲ್ಲಿರುವವನು ಆ ಆಸೆಯನ್ನು ಸದ್ದಾಗದಂತೆ ಇಟ್ಟುಕೊಳ್ಳಬೇಕು. ಹಲಸೂರಿನಲ್ಲಿದ್ದಾಗ ನಾನು ಸ್ಕಿಪ್ಪಿಂಗ್ ಶುರುಮಾಡಿದ್ದೆ. ವಾರ ತುಂಬುವ ಮೊದಲೇ ಕೆಳಗಿನ ಮನೆಯವರು ಬಂದು, ತಮ್ಮ ಸೀಲಿಂಗ್ ಫ್ಯಾನು ಉಯ್ಯಾಲೆಯಂತೆ ತೂಗುತ್ತಿದೆ, ಅದರ ಕೆಳಗೆ ತಮ್ಮ ಮಗು ಮಲಗುತ್ತದೆ ಎಂದು ವಿನಯವಾಗಿಯೇ ಹೇಳಿದರು. ಆ ಹಗ್ಗದ ಮೇಲೆ ಆಮೇಲೆ ನಮ್ಮ ಟವೆಲ್ಲುಗಳು ಒಣಗಿದವು. ಮಾರತ್ತಹಳ್ಳಿಯ ಮನೆಯ ಬಾಲ್ಕನಿಯಲ್ಲಿ ಸೂರ್ಯನಮಸ್ಕಾರಕ್ಕೆ ನಿಂತೆ. ಎದುರು ಕಟ್ಟಡದ ಅಡುಗೆಮನೆ ಎಷ್ಟು ಹತ್ತಿರವಿತ್ತೆಂದರೆ, ನಾನು ಕೈ ಚಾಚಿದ ಕೂಡಲೇ ಒಳಗಿದ್ದ ಹೆಂಗಸು ಒಲೆ ಸಣ್ಣಗೆ ಮಾಡಿ, "ಏನ್ ಬೇಕಿತ್ತು?" ಎಂದು ಕೇಳಿಬಿಟ್ಟರು. ಏನು ಹೇಳುವುದು? ಸ್ವಲ್ಪ ಕರಿಬೇವು ಎಂದೆ. ಕೊಟ್ಟರು.

ಈಗ ಎರಡು ವರ್ಷದಿಂದ ನಾವು ಕಲ್ಯಾಣ ನಗರದ ಹಿಂಬದಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದ್ದೇವೆ. ನಾವೆಂದರೆ ವಿಮಾ ಕಚೇರಿಯಲ್ಲಿ ಫೈಲು ನೋಡುವ ನಾನು ಮತ್ತು ನನ್ನನ್ನು ನೋಡಿಕೊಳ್ಳುವ ವಸಂತಾ. ಲಿಫ್ಟ್ ಇಲ್ಲ. ಕೆಳಗಡೆ ಮಾಲೀಕರಾದ ಮುನಿರಾಜು ಇದ್ದಾರೆ. ಇಲ್ಲಿ ಲೇಔಟ್ ಆಗುವ ಮೊದಲು ಅವರ ತಂದೆ ಇದೇ ಜಾಗದಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರಂತೆ. ಎರಡನೇ ಮಹಡಿಯಲ್ಲಿ ಕೋಕಿಲಾ ಅಕ್ಕ. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದ ಅವರು ತಮಿಳು, ಕನ್ನಡ, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಸುಖವಾಗಿ ಬಾಳಿಸಬಲ್ಲರು. ಎರಡು ವರ್ಷದಲ್ಲಿ ಇವರೊಡನೆ ನಾನು ಆಡಿದ ಮಾತೆಂದರೆ "ನಮಸ್ಕಾರ" ಮತ್ತು "ನೀರು ಬರ್ತಿಲ್ಲ".

ಈಚೆಗೆ ನನಗೆ ಸಿಡುಕು ಜಾಸ್ತಿಯಾಗಿತ್ತು. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತು ಬಂದವನು ಮನೆಯಲ್ಲಿ ಚಮಚ ಕೆಳಗೆ ಬಿದ್ದರೂ ಹಾರಿಬೀಳುತ್ತಿದ್ದೆ. ಕಚೇರಿಯ ಸಹೋದ್ಯೋಗಿಯೊಬ್ಬರು ಭ್ರಾಮರಿ ಪ್ರಾಣಾಯಾಮ ಹೇಳಿಕೊಟ್ಟರು. ಕಣ್ಣು ಮುಚ್ಚಿ, ಕಿವಿಗೆ ಬೆರಳಿಟ್ಟು, ದುಂಬಿಯಂತೆ ಗುಂಯ್‌ಗುಡುವುದು. ಹಾರುವುದಿಲ್ಲ, ಜಿಗಿಯುವುದಿಲ್ಲ, ಯಾರ ಫ್ಯಾನೂ ಅಲ್ಲಾಡುವುದಿಲ್ಲ. ಬಾಡಿಗೆದಾರನಿಗೆಂದೇ ಯಾರೋ ಋಷಿ ಕಂಡುಹಿಡಿದಂತಿತ್ತು. ಮರುದಿನವೇ ಬೆಳಿಗ್ಗೆ ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ ಚಾಪೆ ಹಾಸಿ ಕುಳಿತೆ. ಅಲ್ಲಿ ಪೈಪುಗಳೆಲ್ಲ ಇಳಿಯುವ ಡಕ್ಟಿನ ಕಿಟಕಿಯಿತ್ತು. ಗಾಳಿ ಚೆನ್ನಾಗಿ ಬರುತ್ತಿತ್ತು. ಗಾಳಿ ಬರುವ ದಾರಿಯಲ್ಲಿ ಸದ್ದೂ ಹೋಗುತ್ತದೆ ಎಂಬುದು ಹೊಳೆಯಲಿಲ್ಲ.

ಕೆಲವು ದಿನ ಕಳೆದ ಮೇಲೆ, ಒಂದು ಸಂಜೆ ಕಚೇರಿಯಿಂದ ಬರುವಾಗ ಮುನಿರಾಜು ಮತ್ತು ಕೋಕಿಲಾ ಅಕ್ಕ ನೆಲದಡಿಯ ನೀರಿನ ಸಂಪಿನ ಮೇಲೆ ಬಗ್ಗಿ ನಿಂತಿದ್ದರು.

"ಸಾರ್, ನಿಮಗೂ ಕೇಳ್ಸುತ್ತಾ?" ಎಂದರು ಮುನಿರಾಜು. "ಬೆಳಿಗ್ಗೆ ಬೆಳಿಗ್ಗೆ ಗುಂಯ್ ಅಂತದೆ. ಎದ್ದು ಬಂದು ಮೋಟರ್ ಆಫ್ ಮಾಡೋಣಾಂದ್ರೆ ಆಫೇ ಇರ್ತದೆ. ಆಮೇಲೆ ತಾನೇ ನಿಂತೋಗ್ತದೆ."

"ನಾನು ನನ್ ತಲೇಲೇ ಏನೋ ಆಗೋಯ್ತು ಅಂತ ಇದ್ದೆ ಸಾರ್. ಕಿವಿ ಡಾಕ್ಟರ್ ಹತ್ರ ಹೋಗೋಣಾಂತ," ಎಂದರು ಕೋಕಿಲಾ ಅಕ್ಕ.

ನನಗೆ ಪ್ರಾಣಾಯಾಮದಿಂದ ಆಗಲೇ ಮನಸ್ಸು ಪ್ರಶಾಂತವಾಗಿತ್ತಲ್ಲ, ಸಹನೆಯಿಂದ ಕೇಳಿದೆ. ಮುನಿರಾಜು ಮೋಟರ್ ಹಾಕಿದರು. ಪೈಪಿಗೆ ಕಿವಿಗೊಟ್ಟು, ಜೀವನದಲ್ಲಿ ಒಂದು ಬಲ್ಬೂ ಬದಲಾಯಿಸದ ನಾನು ಗಂಭೀರವಾಗಿ, "ಬೇರಿಂಗ್ ಹೋಗಿದೆ," ಎಂದೆ. ವಿಮಾ ಕಚೇರಿಯವರ ಮಾತಿಗೆ ನಮ್ಮಲ್ಲಿ ಇನ್ನೂ ಬೆಲೆಯಿದೆ. ಮಾರನೆಯ ದಿನ ಮೆಕ್ಯಾನಿಕ್ ರಫೀಕ್ ಬಂದು ಇನ್ನೂ ಗಂಭೀರವಾಗಿ, "ಸಾರ್ ಹೇಳಿದ್ದು ಪಕ್ಕಾ. ಬೇರಿಂಗೇ," ಎಂದು ಮೋಟರನ್ನು ಬಿಚ್ಚಿ, ಆಟೊದಲ್ಲಿ ಹಾಕಿಕೊಂಡು ಶಿವಾಜಿನಗರಕ್ಕೆ ಹೋದ. ನಲ್ಲಿಗಳೆಲ್ಲ ಬತ್ತಿದವು. ಸಂಪಿನ ತುಂಬ ನೀರಿತ್ತು, ಮೇಲೆ ಹತ್ತಿಸುವವರಿರಲಿಲ್ಲ. ಆ ಸಂಜೆ ನಾನು ಎರಡು ಬಕೆಟ್ ಹೊತ್ತು ಮೂರು ಮಹಡಿ ಹತ್ತಿದೆ. ಪ್ರತಿ ಮೆಟ್ಟಿಲಿಗೂ ಮಾಲೀಕರ ಬೇಜವಾಬ್ದಾರಿಯನ್ನು ಬೈದುಕೊಂಡೆ.

ಆ ಕೋಪ ಬೆಳಿಗ್ಗೆಯಾದರೂ ಇಳಿದಿರಲಿಲ್ಲ. ಹಾಗಾಗಿ ಎಂದಿಗಿಂತ ದೀರ್ಘವಾಗಿ, ಹೊಟ್ಟೆಯಾಳದಿಂದ ಭ್ರಾಮರಿ ಮಾಡಿದೆ. ಮನಸ್ಸು ಹಗುರಾಯಿತು. ಕಣ್ಣು ತೆರೆದೆ. ಎದುರಿಗೆ ಪಂಚೆ ಎತ್ತಿ ಕಟ್ಟಿದ ಮುನಿರಾಜು, ಅವರ ಹಿಂದೆ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದ ಕೋಕಿಲಾ ಅಕ್ಕ, ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡ ವಸಂತಾ. ನನ್ನ ಬೆರಳುಗಳಿನ್ನೂ ಕಿವಿಯಲ್ಲೇ ಇದ್ದವು. ಅವನ್ನು ತೆಗೆಯುವುದೋ ಬೇಡವೋ ಎಂದು ಯೋಚಿಸಿದೆ. ಇವರು ಹೇಳುವುದನ್ನು ಕೇಳಿಸಿಕೊಳ್ಳದಿರುವುದೇ ವಾಸಿಯೆನಿಸಿತು.

"ಮೋಟರೇ ಇಲ್ಲ, ಸದ್ದು ಬರ್ತದೆ. ನಾನು ಡಕ್ಟಲ್ಲಿ ಸದ್ದಿನ ಜಾಡು ಹಿಡ್ಕೊಂಡು ಮೇಲಕ್ಕೆ ಬಂದೆ," ಎಂದರು ಮುನಿರಾಜು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮನೆ ಖಾಲಿ ಮಾಡಿ ಎನ್ನುತ್ತಾರೆ ಎಂದೇ ನಾನು ತಿಳಿದೆ. ಮತ್ತೆ ಮನೆ ಹುಡುಕುವುದು, ಬ್ರೋಕರ್, ಮಂಚ ಬಿಚ್ಚುವುದು ಎಲ್ಲ ಕಣ್ಮುಂದೆ ಬಂತು. ಅವರು ನಿಧಾನವಾಗಿ ಹೇಳಿದರು: "ಸಾರ್, ಬೇರಿಂಗ್ ನಿಮ್ದೇ ಹೋಗಿರೋದು."

ಮೊದಲು ನಕ್ಕದ್ದು ಕೋಕಿಲಾ ಅಕ್ಕ. "ಅಯ್ಯೋ ಕಡವುಳೇ, ನನ್ ಕಿವಿ ನೆಟ್ಟಗೈತೆ!" ಎಂದು ನಗುತ್ತ ನಗುತ್ತ ನಮ್ಮ ಅಕ್ಕಿ ಡಬ್ಬದ ಮೇಲೆ ಕುಳಿತುಬಿಟ್ಟರು. ವಸಂತಾ ಸೆರಗು ತೆಗೆದಳು. ಅದರ ಹಿಂದೆ ಬಹಳ ದಿನದ ನಗು ಇತ್ತು. "ನಿನಗೆ ಗೊತ್ತಿತ್ತಾ?" ಎಂದೆ. "ಅನುಮಾನ ಇತ್ತು. ಆದ್ರೆ ನೀವು ಬೇರಿಂಗ್ ಅಂತ ಅಷ್ಟು ಗ್ಯಾರಂಟಿಯಾಗಿ ಹೇಳಿದ್ರಲ್ಲ ರೀ, ಸುಮ್ಮನಾದೆ." ನಾನು ಹೊತ್ತು ತಂದ ಬಕೆಟ್ಟಿನ ನೀರಲ್ಲೇ ಕಾಫಿಯಾಯಿತು. ಮುನಿರಾಜು ಎರಡು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಕುಳಿತರು.

ರಫೀಕನಿಗೆ ಫೋನು ಮಾಡಿದರೆ, ಆತ ಆಗಲೇ ಮೋಟರನ್ನು ಪೂರ್ತಿ ಬಿಚ್ಚಿ ಹರಡಿಕೊಂಡಿದ್ದ. ಚೆನ್ನಾಗಿದ್ದ ಬೇರಿಂಗ್ ತೆಗೆಯುವಾಗ ಇನ್ನೇನೋ ಮುರಿದಿತ್ತಂತೆ. ಹೊಸದು ಬರಬೇಕಾದರೆ ನಾಲ್ಕೈದು ದಿನ. ಕೋಕಿಲಾ ಅಕ್ಕನಿಗೆ ಮಂಡಿ ನೋವು. ಅವರ ಬಕೆಟ್ಟನ್ನು ನಾನೇ ಎತ್ತಿಕೊಂಡೆ. ಮುನಿರಾಜು ಹಗ್ಗ ಕಟ್ಟಿ ಸಂಪಿನಿಂದ ಸೇದುವುದು, ನಾನು ಹೊರುವುದು. ಮೊದಲ ದಿನ ನಾಚಿಕೆಗೆ ಹೊತ್ತೆ. ಮಹಡಿಗೊಂದು ಸಲ ನಿಂತು ಸೊಂಟ ಹಿಡಿದುಕೊಂಡೆ. ನಿಂತಾಗ ಮಾತಾಡದಿರಲು ಆಗುತ್ತದೆಯೇ? ಕೋಕಿಲಾ ಅಕ್ಕ ಮಜ್ಜಿಗೆ ಕೊಟ್ಟು, ತಮ್ಮ ಮದುವೆಯ ಬ್ಯಾಂಡಿನವರು ತಪ್ಪಿ ಬೇರೆ ಮದುವೆಗೆ ಹೋಗಿ ಊಟ ಮಾಡಿ ಬಂದ ಕಥೆ ಹೇಳಿದರು. ಕೆಳಗೆ ಮುನಿರಾಜು ಬಾವಿಕಟ್ಟೆ ಎಲ್ಲಿತ್ತು, ದ್ರಾಕ್ಷಿ ಚಪ್ಪರ ಎಲ್ಲಿತ್ತು ಎಂದು ತೋರಿಸಿದರು. ಈಗ ನಮ್ಮ ಸ್ಕೂಟರ್ ನಿಲ್ಲುವ ಜಾಗದಲ್ಲಿ ಅವರ ಎಮ್ಮೆ ಮಲಗುತ್ತಿತ್ತಂತೆ. ಒಂದು ಮಧ್ಯಾಹ್ನ ಅವರ ಮನೆಯಲ್ಲೇ ಮುದ್ದೆ, ಅವರೆಕಾಳಿನ ಸಾರು. ಹಸಿವು ಎಂಬುದನ್ನು ನಾನು ಮರೆತೇ ಎಷ್ಟೋ ಕಾಲವಾಗಿತ್ತು; ಎರಡನೇ ಮುದ್ದೆಯನ್ನು ನಾನೇ ಕೇಳಿ ಹಾಕಿಸಿಕೊಂಡೆ. ದಿಂಬಿಗೆ ತಲೆ ಕೊಟ್ಟರೆ ನಿದ್ದೆ. ವಸಂತಾ ಒಂದು ದಿನ ಬೇಕೆಂದೇ ಚಮಚ ಬೀಳಿಸಿ ನೋಡಿದಳಂತೆ. ನಾನು ಎತ್ತಿಕೊಟ್ಟು ಹೋದೆನಂತೆ.

ಮೋಟರ್ ವಾಪಸು ಬಂದು ನಲ್ಲಿಯಲ್ಲಿ ನೀರು ಸುರಿದ ದಿನ ಎಲ್ಲರೂ ಖುಷಿಪಟ್ಟರು. ನಾನೂ ಪಟ್ಟೆ, ಸ್ವಲ್ಪ ಕಡಿಮೆ. ಇನ್ನು ಕೆಳಗೆ ಹೋಗಲು ನೆಪವೇನು ಎಂದು ಯೋಚಿಸುತ್ತಿರುವಾಗ ಮುನಿರಾಜು ಬಾಗಿಲು ತಟ್ಟಿದರು. "ಸಾರ್, ಆ ಗುಂಯ್ ಅನ್ನೋದು ನಮಗೂ ಒಸಿ ಹೇಳ್ಕೊಡಿ. ಟೆರೇಸ್ ಮೇಲೆ ಕೂತ್ಕೊಳಾಣ. ಅಲ್ಲಿ ಡಕ್ಟ್ ಇಲ್ಲ."

ಗುರುವಿನ ಗತ್ತಿನಿಂದ ಟೆರೇಸಿಗೆ ಹೋದೆ. ವಸಂತಾ, ಮೆಟ್ಟಿಲಿಗೊಮ್ಮೆ ಕೂತು ಕೂತು ಹತ್ತಿದ ಕೋಕಿಲಾ ಅಕ್ಕ, ಮುನಿರಾಜು ಸಾಲಾಗಿ ಕುಳಿತರು. ನಾನು ಒಮ್ಮೆ ಮಾಡಿ ತೋರಿಸಿದೆ. ಆಮೇಲೆ ಮುನಿರಾಜು ಮಾಡಿದರು. ಏನು ಉಸಿರು ಅದು! ನನ್ನದು ಎರಡು ಸಲ ಮುಗಿದು ಮೂರನೆಯದು ಶುರುವಾದರೂ ಅವರದು ಒಂದೇ ಎಳೆಯಲ್ಲಿ ಸಾಗುತ್ತಿತ್ತು. ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳಗಳೂ ಕದಲದೆ ಕೇಳಿದವು. ಮುಗಿಸಿ ನನ್ನ ಕಡೆ ತಿರುಗಿ, ಸಂಕೋಚದಿಂದಲೇ, "ಬೇಜಾರ್ ಮಾಡ್ಕೋಬೇಡಿ ಸಾರ್, ನಿಮ್ದು ಗಂಟಲಿಂದ ಬರ್ತಾ ಇದೆ. ಬೆನ್ನು ನೆಟ್ಟಗೆ ಮಾಡಿ, ನಿಧಾನಕ್ಕೆ ಬಿಡಿ," ಎಂದರು. ವಸಂತಾ, ಕೋಕಿಲಾ ಅಕ್ಕ ಇಬ್ಬರೂ ತಮ್ಮ ಚಾಪೆಗಳನ್ನು ಅವರ ಎದುರಿಗೆ ಎಳೆದುಕೊಂಡರು.

ಅಂದಿನಿಂದ ನಾನು ಹಿಂದಿನ ಸಾಲು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವುದಕ್ಕೆ ಮಾಲೀಕರನ್ನು ಕೇಳುವವರನ್ನು ನೋಡಿದ್ದೀರಿ. ನಾನು ದಿನಾ ಬೆಳಿಗ್ಗೆ ಮಾಲೀಕರು ಹೇಳಿದಾಗ ಉಸಿರು ಎಳೆದುಕೊಳ್ಳುತ್ತೇನೆ, ಅವರು ಹೇಳಿದಾಗ ಬಿಡುತ್ತೇನೆ. ನಿಜ ಹೇಳಬೇಕೆಂದರೆ, ಸುಖವಾಗಿದ್ದೇನೆ.