ಹೊನ್ನಯ್ಯನ ಬುಟ್ಟಿಯಲ್ಲಿ ಗಂಧಸಾಲೆ

ಹೊನ್ನಯ್ಯನ ಮನೆಯಲ್ಲಿ ಬೇಯುತ್ತಿದ್ದದ್ದು ಸೊಸೈಟಿ ಅಕ್ಕಿ. ಆದರೆ ಸಂಜೆಯಾಯಿತೆಂದರೆ ಅಟ್ಟದಿಂದ ಗಂಧಸಾಲೆ ಅನ್ನದ ಪರಿಮಳ ಮೆಲ್ಲಗೆ ಇಳಿದು ಬರುತ್ತಿತ್ತು. ಒಲೆ ಹಚ್ಚುವ ಮೊದಲೇ ಅನ್ನ ಬೆಂದ ವಾಸನೆ ಬರುವ ಮನೆ ಹಲಗೂರಿನ ಸುತ್ತ ಇನ್ನೊಂದಿರಲಿಲ್ಲ.

ಆ ಪರಿಮಳಕ್ಕೆ ನಾಲ್ಕು ಕಾಲು, ಒಂದು ಉದ್ದನೆಯ ಬಾಲ, ಕಾಡಿಗೆ ಮೆತ್ತಿದಂಥ ಮುಖ ಇದ್ದವು. ಅದೊಂದು ಪುನುಗಿನ ಬೆಕ್ಕು. ಹಗಲೆಲ್ಲ ಅಟ್ಟದ ಮೇಲೆ ತೆಂಗಿನಕಾಯಿ ರಾಶಿಯ ಹಿಂದೆ ಮಲಗಿರುತ್ತಿತ್ತು. ಕತ್ತಲಾದ ಮೇಲೆ ಕಬ್ಬಿನ ಗದ್ದೆಗೆ ಇಳಿದು ಇಲಿ ಹಿಡಿಯುತ್ತಿತ್ತು. ಅಕ್ಕಪಕ್ಕದ ಗದ್ದೆಗಳಲ್ಲಿ ಇಲಿ ಬುಡ ಕಡಿದ ಕಬ್ಬು ಕುಡಿದವರ ಹಾಗೆ ಅಡ್ಡಬಿದ್ದಿರುತ್ತಿದ್ದರೆ, ಹೊನ್ನಯ್ಯನ ಕಬ್ಬು ಸ್ವಾತಂತ್ರ್ಯ ದಿನದ ಪೆರೇಡಿನ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. "ಬಾಡಿಗೆ ಕೊಡ್ದೆ ಇದ್ರೂ ಕೆಲ್ಸ ಮಾಡ್ತಾನೆ ಕಣಮ್ಮಿ," ಎಂದು ಹೊನ್ನಯ್ಯ ಹೆಂಡತಿ ಶಿವನಂಜಮ್ಮನಿಗೆ ಹೇಳುತ್ತಿದ್ದ. ಬೆಕ್ಕು ಗಂಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಜವಾಬ್ದಾರಿಯಿಂದ ದುಡಿಯುವುದನ್ನು ನೋಡಿ ತನ್ನ ಹಾಗೆಯೇ ಇರಬೇಕೆಂದುಕೊಂಡಿದ್ದ, ಅಷ್ಟೆ.

ಅದನ್ನು ಹೆದರಿಸಿದರೆ ಮಾತ್ರ ಕತೆ ಬೇರೆ. ಒಮ್ಮೆ ಪಕ್ಕದ ಮನೆಯ ನಾಯಿ ಅದನ್ನು ಗೋಡೆ ಮೂಲೆಗೆ ಅಟ್ಟಿಸಿಕೊಂಡು ಹೋಗಿತ್ತು. ಆಗ ಎದ್ದ ನಾತಕ್ಕೆ ಇಡೀ ಬೀದಿ ಬಾಗಿಲು ಹಾಕಿಕೊಂಡಿತು. ಆ ನಾಯಿ ಇವತ್ತಿಗೂ ಆ ಗೋಡೆಯ ಪಕ್ಕ ಹೋಗುವಾಗ ಮುಖ ಆಚೆಗೆ ತಿರುಗಿಸುತ್ತದೆ.

ಈ ಸುದ್ದಿ ಮಂಡ್ಯಕ್ಕೂ ಮುಟ್ಟಿತ್ತೆಂದು ಹೊನ್ನಯ್ಯನಿಗೆ ಗೊತ್ತಾದದ್ದು ಬಸುರಿ ಮಗಳು ದೀಪಿಕ ತವರಿಗೆ ಬರಬೇಕಿದ್ದ ದಿನ ಬೆಳಿಗ್ಗೆ, ಅವಳ ಅತ್ತೆ, ಬೀಗಿತ್ತಿ ಮುದ್ದಮ್ಮ ಅಲ್ಲಿಂದ ಫೋನು ಮಾಡಿದಾಗ.

"ಬೀಗ್ರೇ, ಬಸ್ರಿ ಎಣ್ಣ ಬಸ್ನಲ್ಲಿ ಕಳ್ಸಕ್ಕಾದದಾ? ನಾನೇ ಕಾರಲ್ಲಿ ದೀಪಿಕನ ಕರ್ಕಂಡ್ ಬತ್ತಾ ಇವ್ನಿ. ಆದ್ರೆ ನಿಮ್ಮ ಅಟ್ಟದಲ್ಲಿ ಅದ್ಯಾವ್ದೋ ಗಬ್ಬುನಾತದ ಪ್ರಾಣಿ ಸೇರ್ಕಂಡದಂತಲ್ಲ? ಅದಿರೋ ಮನೇಲಿ ಎರಿಗೆ, ಬಾಣಂತನ ಆಗಕ್ಕಿಲ್ಲ. ಒಂದ್ ಕಿತ ವಾಸ್ನೆ ಬಂದ್ರೂ ಸರಿ, ಕಾರ್ ತಿರುಗುಸ್ಕಂಡು ನನ್ ಸೊಸೆನ ವಾಪಸ್ ಕರ್ಕಂಡ್ ಓಯ್ತೀನಿ!"

ಹೊನ್ನಯ್ಯ ಫೋನು ಇಟ್ಟು ತೊಟ್ಟಿಲ ಕಡೆ ನೋಡಿದ. ದೀಪಿಕ ಮಲಗಿದ್ದ ತೊಟ್ಟಿಲು ಅದು. ವಾರದಿಂದ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ, ಅದರಲ್ಲಿ ಮುಖ ಕಾಣುವ ಹಾಗೆ ಮಾಡಿದ್ದ. ಅದಕ್ಕೆ ಹಾಸುತ್ತಿದ್ದ ಹಳೇ ಸೀರೆಯ ಮೆತ್ತೆಯೊಂದು ಮಾತ್ರ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಮಗಳು ತವರಿಗೆ ಬಂದು, ಬಾಗಿಲಿನಿಂದಲೇ ವಾಪಸ್ಸು ಹೋಗುವುದೆಂದರೆ?

"ಇವತ್ತು ಅದಿರ್ಬೇಕು, ಇಲ್ಲ ನನ್ ಮಗ್ಳಿರ್ಬೇಕು," ಎಂದಳು ಶಿವನಂಜಮ್ಮ.

ಅಷ್ಟರಲ್ಲಿ ಪಕ್ಕದ ಮನೆಯ ರಾಜೇಂದ್ರ ಬಂದ. ಕರೆಯದೆ ಬರುವುದು, ಕೇಳದೆ ಬುದ್ಧಿ ಹೇಳುವುದು ಅವನ ಎರಡು ಬೆಳೆ.

"ಒನ್ನಣ್ಣ, ಒಡ್ದ್ ಗಿಡ್ದ್ಬುಟ್ಟೀಯ. ಫಾರೆಸ್ಟ್‌ನವ್ರು ಒಳಕ್ಕಾಕ್ತರೆ. ಮೊಮ್ಮಗ ನೋಡಕ್ಕೆ ಜೈಲಿಂದ ರಜ ಕೇಳ್ಬೇಕಾಯ್ತದೆ."

"ಒಡೆಯೋರು ಯಾರ್ಲಾ?"

"ಮತ್ತೆ ಸಾಕ್ಕೋ. ಪುನುಗು ತೆಗ್ದು ದೇವಸ್ತಾನಕ್ಕೆ ಕೊಟ್ರೆ ಪುಣ್ಯ ಬತ್ತದೆ."

"ಅದ ಎಲ್ಲಿಂದ ತೆಗಿಬೇಕು, ಗೊತ್ತೇನ್ಲಾ?"

"ಬಾಲದ ಕೆಳ್ಗಿಂದ."

"ಬಾ ಮತ್ತೆ. ನಾನು ತಲೆ ಇಡ್ಕತೀನಿ, ನೀನು ತೆಗಿ."

ರಾಜೇಂದ್ರನಿಗೆ ಪಂಪ್‌ಸೆಟ್ಟು ಆಫ್ ಮಾಡುವುದು ತಟ್ಟನೆ ನೆನಪಾಯಿತು. ಹೋಗುವಾಗ ಮುಚ್ಚಳವಿರುವ ಕೋಳಿ ಬುಟ್ಟಿಯೊಂದನ್ನು ಜಗಲಿಯ ಮೇಲಿಟ್ಟು, "ಮುತ್ತತ್ತಿ ಕಾಡ್ಗೆ ಬುಟ್ಬಾ," ಎಂದು ಹೋದ. ಅವನು ಹುಟ್ಟಿದ ಮೇಲೆ ಹೇಳಿದ ಮೊದಲ ಉಪಯೋಗದ ಮಾತು ಅದು.

ಹೊನ್ನಯ್ಯ ಕಳಿತ ಬಾಳೆಹಣ್ಣಿಗೆ ಬೆಲ್ಲ ಸವರಿ ಬುಟ್ಟಿಯೊಳಗಿಟ್ಟು ಅಟ್ಟ ಹತ್ತಿದ. "ಬಾರಪ್ಪ. ಬೇಜಾರ್ ಮಾಡ್ಕಬ್ಯಾಡ. ನನ್ ಮಗ್ಳು ಬತ್ತಾವ್ಳೆ," ಎಂದು ಪಿಸುಗುಟ್ಟಿದ. ಬೆಕ್ಕು ತೆಂಗಿನಕಾಯಿ ರಾಶಿಯ ಹಿಂದಿನಿಂದ ಬಂತು, ಮೂಸಿತು, ಕತ್ತಲ ಮೂಲೆಯ ಕಡೆಗೊಮ್ಮೆ ತಿರುಗಿ ನೋಡಿತು, ಮತ್ತೆ ಮೂಸಿತು, ಮತ್ತೆ ತಿರುಗಿ ನೋಡಿತು. ಕೊನೆಗೆ ಹಸಿವು ಗೆದ್ದಿತು. ಮುಚ್ಚಳ ಬಿತ್ತು. ಬುಟ್ಟಿಯೊಳಗಿಂದ ಬೆಲ್ಲ ನೆಕ್ಕುವ ಸದ್ದು ಬಂದಾಗ ಹೊನ್ನಯ್ಯನಿಗೆ ತಾನು ಕಳ್ಳನೆನ್ನಿಸಿತು.

ಹಲಗೂರಿನಲ್ಲಿ ಮುತ್ತತ್ತಿ ಬಸ್ಸು ಹತ್ತಿ, ಗೋಣಿಚೀಲ ಹೊದಿಸಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬೆಕ್ಕು ತಿಂದು ಸುಮ್ಮನಾಗಿತ್ತು. ಬಸ್ಸು ಊರು ದಾಟುವಷ್ಟರಲ್ಲಿ ಗಂಧಸಾಲೆಯ ಪರಿಮಳ ಸೀಟಿನಿಂದ ಸೀಟಿಗೆ ದಾಟತೊಡಗಿತು.

"ಯಾರ್ ಮನೆ ಬೀಗ್ರೂಟ ಅಣ್ಣ?" ಹಿಂದಿನ ಸೀಟಿನ ಹೆಂಗಸು ಬಗ್ಗಿ ಕೇಳಿದಳು. "ಪಲಾವಾ, ಬಿರಿಯಾನಿಯಾ?"

ಹೊನ್ನಯ್ಯನಿಗೆ ಸುಳ್ಳು ಹೇಳಲು ಬಾರದು, ನಿಜ ಹೇಳಲು ಧೈರ್ಯವಿಲ್ಲ. "ಮಗ್ಳು ಬತ್ತಾವ್ಳೆ," ಎಂದ.

"ಅಕ್ಕಿ ಭಾರಿ ಒಳ್ಳೇದಾಕವ್ರೆ," ಎಂದಿತು ಮುಂದಿನ ಸೀಟು.

ಕಂಡಕ್ಟರು ಬೆಳಗಿನಿಂದ ಬರೀ ಟೀ ಕುಡಿದಿದ್ದ. "ಯಜಮಾನ್ರೆ, ಡ್ಯೂಟಿ ಮೇಲಿರೋ ನಮ್ಗೂ ಒಂದ್ ತುತ್ತು ಇಲ್ವಾ?" ಎನ್ನುತ್ತ, ಹೊನ್ನಯ್ಯ ಬೇಡ ಬೇಡ ಎನ್ನುವಷ್ಟರಲ್ಲಿ ಗೋಣಿಚೀಲದೊಳಗೆ ಕೈ ತೂರಿಸಿ ಮುಚ್ಚಳ ತಡವಿದ. ಬುಟ್ಟಿಯ ಸಂದಿನೊಳಗೆ ಬೆರಳು ಹೋಯಿತು. ಬೆರಳಿಗೆ ಮೀಸೆ ತಗುಲಿತು.

ಆಮೇಲೆ ಆದದ್ದನ್ನು ವರ್ಣಿಸುವುದು ಕಷ್ಟ. ಡ್ರೈವರು ಯಾರೂ ಹೇಳದೆಯೇ ಬ್ರೇಕು ಒತ್ತಿದ. ಜನ ಎರಡೂ ಬಾಗಿಲಿನಿಂದ, ಒಬ್ಬಾತ ಕಿಟಕಿಯಿಂದಲೂ, ಧಾನ್ಯದ ಮೂಟೆ ಹರಿದಂತೆ ರಸ್ತೆಗೆ ಸುರಿದರು. ಹೊನ್ನಯ್ಯ ಒಬ್ಬನೇ ಖಾಲಿ ಬಸ್ಸಿನಲ್ಲಿ, ಅದರ ಮಾಲೀಕನ ಹಾಗೆ ಕೂತಿದ್ದ.

"ಏನ್ರೀ ಬೇಯ್ಸಿದ್ದೀರಾ ಅದು!" ಕಂಡಕ್ಟರು ಮೂಗು ಹಿಡಿದು ಕೂಗಿದ. "ಇಳೀರಿ ಮೊದ್ಲು!"

ಉಳಿದ ದಾರಿಯನ್ನು ಹೊನ್ನಯ್ಯ ಬಿಸಿಲಿನಲ್ಲಿ ನಡೆದ. ಕಾಡಿನ ಅಂಚಿನಲ್ಲಿ, ರಸ್ತೆಗೆ ಒತ್ತಿಕೊಂಡಂತಿದ್ದ ಹುಣಸೇಮರದ ಕೆಳಗೆ ಬುಟ್ಟಿ ತೆರೆದ. ಬೆಕ್ಕು ಇಳಿಯಲಿಲ್ಲ. ಪುಸಲಾಯಿಸಿದ, ಗದರಿದ, ಕೊನೆಗೆ ಬುಟ್ಟಿ ಬಗ್ಗಿಸಿದ. ಅದು ಸರಸರನೆ ಮರ ಹತ್ತಿ ಕೊಂಬೆಯ ಮೇಲೆ ಕೂತಿತು. ಕಾಡಿನ ಕಡೆ ನೋಡಲೇ ಇಲ್ಲ. ಬಂದ ದಾರಿಯನ್ನೇ ನೋಡುತ್ತಿತ್ತು.

"ಇನ್ ನನ್ ಕಬ್ಬು ಕಾಯೋರ್ಯಾರೋ," ಎಂದ ಹೊನ್ನಯ್ಯ. ಖಾಲಿ ಬುಟ್ಟಿ ಹೆಗಲಿಗೇರಿಸಿಕೊಂಡು ಹಿಂದಕ್ಕೆ ನಡೆದ.

ಮನೆಗೆ ಬಂದವನು ಪಂಪ್‌ಸೆಟ್ಟಿನ ನೀರಿನ ಕೆಳಗೆ ಹುಣಸೇಹಣ್ಣು, ಸೀಗೆಪುಡಿ ಹಾಕಿ ಹಿತ್ತಾಳೆ ಚೊಂಬಿನ ಹಾಗೆ ಮೈ ತಿಕ್ಕಿಕೊಂಡ. ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಕಾರು ಬಂತು. ದೀಪಿಕ ಕೈಯಲ್ಲಿ ಸೊಂಟ ಹಿಡಿದುಕೊಂಡು ಇಳಿದು, "ಅಪ್ಪಾ," ಎಂದು ನಕ್ಕಳು. ಬಿಸಿಲು, ಬಸ್ಸು, ಬೆರಳು ಎಲ್ಲ ಮರೆತುಹೋಯಿತು.

ಮುದ್ದಮ್ಮ ಒಳಗೆ ಬಂದು ಗ್ಯಾಸ್ ಸೋರಿಕೆ ಹುಡುಕುವವಳಂತೆ ಮೂಲೆ ಮೂಲೆಗೂ ಮೂಗು ಒಡ್ಡಿದಳು. ನಡುಮನೆ, ಅಡುಗೆಮನೆ, ತೊಟ್ಟಿಲು. "ಊಂ, ಪರ್ವಾಗಿಲ್ಲ," ಎಂದು ಜಮಖಾನದ ಮೇಲೆ ಕೂತಳು. ಶಿವನಂಜಮ್ಮ ಉಸಿರು ಬಿಟ್ಟು ಕಾಫಿಗೆ ಹಾಲಿಟ್ಟಳು.

ಆಗ ಅಟ್ಟದಿಂದ ಒಂದು ಸದ್ದು. ಸೂಜಿಯಷ್ಟು ಸಣ್ಣದು. "ಕೀಂ."

ಎಲ್ಲರೂ ಮೇಲೆ ನೋಡಿದರು. "ಕೀಂ, ಕೀಂ."

ಹೊನ್ನಯ್ಯ ಏಣಿ ಹತ್ತಿದ. ತೆಂಗಿನಕಾಯಿ ರಾಶಿಯ ಹಿಂದೆ, ಅವನು ವಾರದಿಂದ ಹುಡುಕುತ್ತಿದ್ದ ತೊಟ್ಟಿಲ ಮೆತ್ತೆ ಸಿಕ್ಕಿತು. ಅದರ ಮೇಲೆ ಇನ್ನೂ ಕಣ್ಣು ಬಿಡದ ಮೂರು ಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ತಾಯಿಗಾಗಿ ಅಳುತ್ತಿದ್ದವು. ಮೆತ್ತೆಯ ಸಮೇತ ಅವನ್ನು ಎತ್ತಿಕೊಂಡು ಇಳಿದ. ಯಾರ ಮುಖವನ್ನೂ ನೋಡಲಿಲ್ಲ.

ಮುದ್ದಮ್ಮ ಕಾಫಿ ಲೋಟ ಕೆಳಗಿಟ್ಟಳು. "ಅಂದ್ರೆ ಅದು ಬಾಣಂತಿಯಾ?"

"ಅಂಗೆ ಕಾಣ್ತದೆ ಅಕ್ಕ."

"ಅಸೀ ಬಾಣಂತಿನ ಮನೆಯಿಂದ ಆಚೆಗಾಕ್ದ್ರಾ ಬೀಗ್ರೇ?"

"ನೀವೇ ಅಲ್ವಾ ಅಕ್ಕ, ಬೆಳಿಗ್ಗೆ ಫೋನ್ ಮಾಡಿ..."

"ನಾನು ಪ್ರಾಣಿ ಅಂದೆ. ಬಾಣಂತಿ ಅಂದ್ನಾ?"

ಶಿವನಂಜಮ್ಮನೂ ಬೀಗಿತ್ತಿಯ ಕಡೆಗೆ ಸರಿದು, "ನೋಡ್ಬಾರ್ದಾ ಇವ್ರು? ಅದೇನ್ ಕಣ್ಣೋ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬಾಣಂತಿ ಕಣ್ಣೀರಾಕಿದ ಮನೇಲಿ ನನ್ ಸೊಸೆ ಬುಡಕ್ಕಿಲ್ಲ," ಎಂದಳು ಮುದ್ದಮ್ಮ. "ಒತ್ತು ಮುಳುಗೋದ್ರೊಳ್ಗೆ ಆ ತಾಯಿನ ಕರ್ಕಂಡ್ ಬನ್ನಿ. ಇಲ್ಲಾಂದ್ರೆ ಕಾರು ಇನ್ನೂ ಬಾಗ್ಲಲ್ಲೇ ಅದೆ."

ದೀಪಿಕ ಮರಿಗಳ ಮೇಲೆ ಅಂಗೈ ಇಟ್ಟು, "ಇವ್ನೂ ಎತ್ಕಂಡ್ ಓಗಪ್ಪ. ದನಿ ಕೇಳುದ್ರೆ ಇಳ್ದ್ ಬತ್ತಾಳೆ," ಎಂದಳು.

ಹಲಗೂರಿನಲ್ಲಿ ಅದೇ ಬಸ್ಸು ನಿಂತಿತ್ತು, ಎಲ್ಲ ಕಿಟಕಿಯೂ ತೆರೆದುಕೊಂಡು. ಬುಟ್ಟಿ ಕಂಡದ್ದೇ ಕಂಡಕ್ಟರು ಬಾಗಿಲಿಗೆ ಅಡ್ಡ ನಿಂತ. "ಬಿರಿಯಾನಿ ಯಜಮಾನ್ರೆ! ಬ್ಯಾಡ, ಕಾಲಿಗ್ ಬೀಳ್ತೀನಿ!"

ಹೊನ್ನಯ್ಯ ಗೋಣಿಚೀಲ ಸರಿಸಿ ತೋರಿಸಿದ. "ಕೀಂ," ಎಂದವು ಮರಿಗಳು. ಕಂಡಕ್ಟರು ಬಗ್ಗಿ ನೋಡಿದ. ಬೆಳಿಗ್ಗೆ ಮೀಸೆ ತಗುಲಿದ ಬೆರಳಿನಿಂದಲೇ ಒಂದರ ನೆತ್ತಿ ಸವರಿದ. "ಅಯ್ಯೋ, ಇವ್ರವ್ವನಾ ಅದು?" ಎಂದು ಮುಂದಿನ ಸೀಟು ಖಾಲಿ ಮಾಡಿಸಿದ.

ದಾರಿಯುದ್ದಕ್ಕೂ ಇಡೀ ಬಸ್ಸು ಸರದಿಯ ಮೇಲೆ ಹೊನ್ನಯ್ಯನನ್ನು ಬೈಯಿತು. ಅಸೀ ಬಾಣಂತಿಯನ್ನು ಕಾಡಿಗೆ ಬಿಟ್ಟವನು ಎಂದು ಹತ್ತಿದವರಿಗೆಲ್ಲ ಪರಿಚಯ ಮಾಡಿಕೊಡಲಾಯಿತು. ಹುಣಸೇಮರ ಬಂದಾಗ ಡ್ರೈವರು ಇಂಜಿನ್ ಆರಿಸಿ, "ಓಗಿ, ನಿದಾನಕ್ ಕರೀರಿ, ಕಾಯ್ತೀವಿ," ಎಂದ.

ಹೊನ್ನಯ್ಯ ಬುಟ್ಟಿ ನೆಲದ ಮೇಲಿಟ್ಟು ದೂರ ನಿಂತ. ಮರಿಗಳು ಕೂಗಿದವು. ಕೊಂಬೆ ಅಲುಗಿತು. ಹತ್ತಿ ಕೂತ ಜಾಗದಿಂದ ಒಂದು ಗೇಣೂ ಕದಲದಿದ್ದ ಆ ತಾಯಿ ಸರ್ರನೆ ಇಳಿದು ಬಂದು, ಮೂರನ್ನೂ ಮೂಸಿ, ನೆಕ್ಕಿ, ತಾನೂ ಬುಟ್ಟಿಯೊಳಗೆ ಹತ್ತಿ ಸುರುಳಿ ಸುತ್ತಿಕೊಂಡಿತು. ಸಂಜೆಗಾಳಿಗೆ ಗಂಧಸಾಲೆ ಅನ್ನ ಬೆಂದ ಪರಿಮಳ ಎದ್ದಿತು. ಬಸ್ಸಿನ ಹಿಂದಿನ ಸೀಟಿನಿಂದ ಮೂಗು ಏರಿಸುವ ಸದ್ದು ಕೇಳಿತು, ಅದು ವಾಸನೆಗಲ್ಲ.

ಮನೆ ಬಾಗಿಲಲ್ಲಿ ಶಿವನಂಜಮ್ಮ ಕೆಂಪುನೀರಿನ ಆರತಿ ಹಿಡಿದು ನಿಂತಿದ್ದಳು. ಬುಟ್ಟಿಗೆ ದೃಷ್ಟಿ ತೆಗೆದು ಅಟ್ಟಕ್ಕೇರಿಸಿದರು. ಕಾರು ಖಾಲಿಯಾಗಿ ಮಂಡ್ಯಕ್ಕೆ ಹೊರಟದ್ದನ್ನು ಕಂಡು ಹೊನ್ನಯ್ಯನ ಮುಖ ಅರಳಿತು. ಮಗಳು ಉಳಿದಳು!

ಬೀಗಿತ್ತಿಯೂ ಉಳಿದಿದ್ದಳು.

"ಬಸ್ರಿ ಒಬ್ಳು, ಬಾಣಂತಿ ಒಬ್ಳು. ಶಿವನಂಜಮ್ಮ ಒಬ್ಳೇ ಏನ್ ಮಾಡಾಳು? ನಾನೂ ಇದ್ಬುಡ್ತೀನಿ," ಎಂದಳು ಮುದ್ದಮ್ಮ, ಹೊನ್ನಯ್ಯನ ಮಂಚದ ಮೇಲೆ ಕಾಲು ಚಾಚಿ. "ನಿಮ್ಮ ಆಸ್ಗೆ ಪಂಪ್‌ಸೆಟ್ ಮನೇಲಿ ಅದೆ ಬೀಗ್ರೇ. ಇನ್ನೊಂದು ಮಾತು. ಅಟ್ಟದ್ ಬಾಣಂತಿ ಗದ್ದೆ ಗಿದ್ದೆ ಅಂತ ತಿರುಗ್ಬಾರ್ದು, ಸೀತ ಆಯ್ತದೆ. ಆಲು, ಬಾಳೆಅಣ್ಣು ಎಲ್ಲಾ ಮೇಲಕ್ಕೇ ಕಳ್ಸಾಣ."

"ಮತ್ತೆ ಇಲಿ?" ಎಂದ ಹೊನ್ನಯ್ಯ.

"ನೀವಿದ್ದೀರಲ್ಲ."

ದೀಪ ಹಚ್ಚುವ ಹೊತ್ತಿಗೆ ಹೊನ್ನಯ್ಯ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ದೊಣ್ಣೆ ಹಿಡಿದು ಕಬ್ಬಿನ ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದ. ಕರ್, ಕರ್ ಎಂದು ಎಲ್ಲೋ ಕಬ್ಬು ಕಡಿಯುವ ಸದ್ದು. ಅವನು ಆ ಕಡೆ ಹಾರುವಷ್ಟರಲ್ಲಿ ಸದ್ದು ಈ ಕಡೆ. ಅಟ್ಟದ ಕಿಂಡಿಯಿಂದ ಕಾಡಿಗೆ ಮೆತ್ತಿದ ಮುಖವೊಂದು ಹೊಸದಾಗಿ ಕೆಲಸಕ್ಕೆ ಸೇರಿದವನನ್ನು ನೋಡುವಂತೆ ಅವನನ್ನೇ ನೋಡುತ್ತಿತ್ತು.

ಹಿತ್ತಲ ಬಾಗಿಲು ತೆರೆದು ದೀಪಿಕ ಕೂಗಿದಳು: "ಅಪ್ಪಾ, ಉಣ್ಣಾಕ್ ಬಾ!"

ಒಳಗಿನಿಂದ ಮುದ್ದಮ್ಮನ ದನಿ ಬಂತು: "ಈಗ್ಲೇ ಯಾಕ್ ಕರೀತೀಯಮ್ಮಿ? ಬೀಗ್ರು ಇನ್ನೂ ಒಂದ್ ಇಲಿನೂ ಇಡ್ದಿಲ್ಲ!"