ಮೈದುನನ ಡಿಜೆ ಕಾರ್ಡು, ನಮ್ಮ ಮನೆ ಫೋನು

ಈ ಒಂದು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದಿದ್ದೇನೆ. ಒಂದು ಸಲ ಮಗಳು ಸಾರಿನ ಪುಡಿ ಡಬ್ಬಿ ಬೀಳಿಸಿದ್ದಕ್ಕೆ, ಎರಡು ಸಲ ಫೋನಿಗೆ. ಮಗಳನ್ನು ಕ್ಷಮಿಸಬಹುದು, ಅವಳಿಗೆ ಮೂರು ವರ್ಷ. ಫೋನು ಬರುವುದು ನನ್ನ ಮೈದುನನಿಗೆ, ಅವನಿಗೆ ಇಪ್ಪತ್ಮೂರು. ಅವನು ಡಿಜೆ ಆಗಲು ಹೊರಟ ದಿನದಿಂದ ಹಲಸೂರಿನ ನಮ್ಮ ಮನೆಯಲ್ಲಿ ಇಂಥದ್ದೊಂದು ನಡೆಯದ ವಾರವಿಲ್ಲ, ಸೀಯದೆ ಒಲೆಯಿಂದ ಇಳಿದ ಪಲ್ಯವಿಲ್ಲ.

ಡಿಜೆ ಅಂದರೆ ಕ್ಲಬ್ಬಿನಲ್ಲಿ ಜನ ಕುಣಿಯುವುದಕ್ಕೆ ಹಾಡು ಹಾಕುವವನು. ನಮ್ಮವನು ಕಂಪ್ಯೂಟರಿನಲ್ಲಿ ಕೂತು ತಾನೇ ಸಂಗೀತ ಕಟ್ಟುತ್ತಲೂ ಇದ್ದ. ಮಾವನವರು ಕಾರ್ಖಾನೆಯಿಂದ ನಿವೃತ್ತರಾದವರು. ಅವರು ಒಂದು ದಿನ ಅಪ್ರೆಂಟಿಸ್ ಫಾರಂ ತಂದು ಬೀರುವಿನಲ್ಲಿಟ್ಟರು. "ದೀಪಾವಳಿವರೆಗೂ ನಿನಗೆ ಟೈಮು. ಅಷ್ಟರಲ್ಲಿ ವಾರವಾರ ಒಂದೇ ಕಡೆ ಮಾಡೋ ಕೆಲಸ ಸಿಕ್ರೆ ಸರಿ. ಇಲ್ಲ ಅಂದ್ರೆ ಬಾಯ್ಮುಚ್ಕೊಂಡು ಇದಕ್ಕೆ ಸೈನ್ ಹಾಕು" ಅಂದರು. ಕ್ಲಬ್ಬಿನವರು ಪರಿಚಯ ಇಲ್ಲದವರನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಮೈದುನ ಪರಿಚಯ ಮಾಡಿಕೊಳ್ಳಲು ಹೊರಟ. ಅವರ ಲೈನಿನಲ್ಲಿ ಅದಕ್ಕೆ ನೆಟ್‌ವರ್ಕಿಂಗ್ ಅನ್ನುತ್ತಾರಂತೆ.

ಐನೂರು ಕಾರ್ಡು

ಮೊದಲು ವಿಸಿಟಿಂಗ್ ಕಾರ್ಡು. ಶಿವಾಜಿನಗರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರ ಹತ್ತಿರ ಮಾಡಿಸಿದ. ಐನೂರಕ್ಕಿಂತ ಕಡಿಮೆ ಹಾಕುವುದಿಲ್ಲ ಅಂದರಂತೆ. ಕಪ್ಪು ಕಾರ್ಡು, ಬಂಗಾರದ ಅಕ್ಷರ. ಎಲ್ಲದಕ್ಕಿಂತ ಮೇಲೆ ಒಂದು ಪುಟ್ಟ ಗಣಪತಿ.

"ಇದ್ಯಾಕೋ?" ಅಂದೆ.

"ನಾನು ಹೇಳಿರ್ಲಿಲ್ಲ ಅತ್ತಿಗೆ. ಅವರ ಅಭ್ಯಾಸ."

ಫೋನ್ ನಂಬರು ಮಾತ್ರ ನಮ್ಮ ಮನೆಯದು. ಅವನು ಮನೆಯಲ್ಲಿರುವುದು ಊಟಕ್ಕೆ, ಎತ್ತುವವಳು ನಾನು. ಮೊದಲ ಫೋನು ಕೆ.ಆರ್. ಪುರದ ಶಾಮಿಯಾನದವರದು.

"ಡಿಜೆ ಮನೆನಾ? ಜನರೇಟರ್ ನಿಮ್ದೇನಾ?"

"ಇಲ್ಲ."

"ದೊಡ್ಡ ಸ್ಪೀಕರು?"

"ಇಲ್ಲ."

"ಹೋಗ್ಲಿ, ಟೆಂಪೋ ಆದ್ರೂ ಇದೆಯಾ?"

"ಇಲ್ಲ."

"ಮತ್ತೆ ನಿಮ್ಹತ್ರ ಇರೋದೇನಮ್ಮ?"

"ಕಾರ್ಡಿದೆ. ಇನ್ನೂ ನಾನೂರ ತೊಂಬತ್ತು" ಅಂದೆ.

ಕಾಫಿ ಅಂಗಡಿಯ ಸಭೆ

ಇಂದಿರಾನಗರದ ಒಂದು ಕಾಫಿ ಅಂಗಡಿಯಲ್ಲಿ ಭಾನುವಾರ ಬೆಳಗ್ಗೆ ಮ್ಯೂಸಿಕ್ ಲೈನಿನವರೆಲ್ಲ ಸೇರುತ್ತಾರೆ, ಅಲ್ಲಿಗೆ ಹೋದರೆ ಕೆಲಸ ಆದಂತೆಯೇ ಎಂದು ಅವನಿಗೆ ಯಾರೋ ಹೇಳಿದ್ದರು. ಇವನಿಗೋ ಹೊಸಬರ ಮುಂದೆ ಬಾಯಿ ಬರುವುದಿಲ್ಲ. "ಅತ್ತಿಗೆ, ನೀವೂ ಬನ್ನಿ. ಸುಮ್ನೆ ಪಕ್ಕದಲ್ಲಿ ಕೂತಿರಿ ಸಾಕು" ಅಂದ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋದೆ. ನಾನು ಓದಿದ್ದು ಹತ್ತನೇ ಕ್ಲಾಸು. ಆದರೆ ಒಂದು ಮದುವೆ ಮನೆಯಲ್ಲಿ ಅರ್ಧ ಗಂಟೆ ಬಿಟ್ಟರೆ ಯಾರ ಮಗನಿಗೆ ಎಲ್ಲಿ ಕೆಲಸ, ಯಾರಿಗೆ ಎಷ್ಟು ಸೈಟು ಎಲ್ಲ ತಿಳಿದುಕೊಂಡು ಬರುತ್ತೇನೆ.

ಅಲ್ಲಿ ಎಂಟು ಜನ ಇದ್ದರು. ಎಂಟೂ ಕತ್ತಿನಲ್ಲಿ ಹೆಡ್‌ಫೋನು. ಎಲ್ಲರೂ ಎಲ್ಲರಿಗೂ ಕಾರ್ಡು ಕೊಟ್ಟರು. ನನ್ನ ಮಗಳಿಗೂ ಎಂಟು ಸಿಕ್ಕಿತು, ಒಂದನ್ನು ಅಲ್ಲೇ ತಿಂದಳು.

"ನೀವೇನು ಮಾಡ್ತೀರಪ್ಪ?" ಎಂದು ಸಾಲಾಗಿ ಕೇಳುತ್ತಾ ಹೋದೆ.

"ಡಿಜೆ, ಆಂಟಿ."

"ನೀವು?"

"ಡಿಜೆ, ಆಂಟಿ."

ನನಗೆ ಇಪ್ಪತ್ತಾರು. ಆಂಟಿಯನ್ನು ನುಂಗಿಕೊಂಡೆ. ಎಂಟು ಜನರೂ ಕೆಲಸ ಹುಡುಕುವವರೇ, ಕೊಡುವವನು ಒಬ್ಬನೂ ಇಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಎಂಟು ಗಂಡುಗಳೇ ಬಂದು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತ ಹಾಗಿತ್ತು.

"ಅಲ್ಲ, ನಿಮ್ಮಲ್ಲಿ ಯಾರಿಗಾದ್ರೂ ಒಬ್ಬ ಕ್ಲಬ್ ಮ್ಯಾನೇಜರ್ ಗೊತ್ತಾ?"

ಮೂಲೆಯಲ್ಲಿದ್ದವನು ಕೈ ಎತ್ತಿದ. "ನಂಗೊಬ್ರು ಗೊತ್ತು ಆಂಟಿ. ಅವ್ರಿಗೆ ನಾನು ಗೊತ್ತಿಲ್ಲ."

ಅರಿಶಿನ ಕುಂಕುಮ

ಕಾರ್ಡಿನಿಂದ ಏನೂ ಆಗಲಿಲ್ಲ. ಇನ್ನು ಸಿಡಿ ಕೊಡೋಣ ಅಂದ. ತಾನು ಕಟ್ಟಿದ ಸಂಗೀತವನ್ನು ಹತ್ತು ಸಿಡಿಗೆ ಇಳಿಸಿ, ಬೆಳಗ್ಗೆ ಹಂಚುತ್ತೇನೆಂದು ದೇವರ ಮನೆಯ ಹೊಸ್ತಿಲ ಹತ್ತಿರ ಇಟ್ಟ.

ಬೆಳಗ್ಗೆ ನೋಡಿದವರು ನಮ್ಮತ್ತೆ. ಹೊರಗೆ ಹಂಚುವ ಶುಭ ವಸ್ತು ಬರಿದಾಗಿ ಹೋಗಬಾರದು ಎಂಬುದು ಅವರ ನಿಯಮ. ಲಗ್ನಪತ್ರಿಕೆಯಾದರೆ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಾರೆ. ಸಿಡಿಗೆ ಮೂಲೆ ಎಲ್ಲಿದೆ? ಅವರು ಯೋಚಿಸಿ ನಾಲ್ಕು ದಿಕ್ಕಿಗೆ ಹಚ್ಚಿದರು. ನೀರಿನಲ್ಲಿ ಕಲಸಿದ ಅರಿಶಿನ, ನಡುವೆ ಕುಂಕುಮ. ಅದೂ ಹೊಳೆಯುವ ಕಡೆಗೇ, ಅದೇ ಮುಖ ಇರಬೇಕು ಎಂದು. ಒಣಗಿಸಿ, ಅಚ್ಚುಕಟ್ಟಾಗಿ ಕವರಿಗೆ ಹಾಕಿಟ್ಟರು. ಮೈದುನ ತೆಗೆದೂ ನೋಡದೆ ಹತ್ತು ಕ್ಲಬ್ಬಿಗೆ ಕೊಟ್ಟು ಬಂದ.

ಮಾರನೆಯ ದಿನ ಒಬ್ಬರು ಫೋನ್ ಮಾಡಿ ಮದುವೆ ಯಾವ ಛತ್ರದಲ್ಲಿ ಎಂದು ಕೇಳಿದರು. ಆಮೇಲೆ ಇಂದಿರಾನಗರದ ಒಂದು ಕ್ಲಬ್ಬಿನ ಮ್ಯಾನೇಜರು.

"ಏನ್ರೀ ಹಾಕಿದ್ದೀರಾ ಸಿಡಿಗೆ? ನಮ್ಮ ಪ್ಲೇಯರ್ ಒಳಗೆಲ್ಲಾ ಹಳದಿ ಪುಡಿ. ಬಾಯೇ ಬಿಡ್ತಿಲ್ಲ ಅದು."

"ತಪ್ಪಾಯ್ತು ಸಾರ್. ಈಗ್ಲೇ ಕಳಿಸ್ತೀನಿ, ಅವನೇ ಬಿಚ್ಚಿ ಕ್ಲೀನ್ ಮಾಡ್ಕೊಡ್ತಾನೆ" ಅಂದೆ.

ಹತ್ತಿ, ಸ್ಪಿರಿಟ್ಟು ಕೊಟ್ಟು ಮೈದುನನನ್ನು ಓಡಿಸಿದೆ. ಅವನು ಪ್ಲೇಯರ್ ಬಿಚ್ಚಿ ಒರೆಸುತ್ತಾ ಎರಡು ಗಂಟೆ ಮ್ಯಾನೇಜರ ಎದುರಿಗೆ ಕೂತ. ಬೈದು ಬೈದು ಸುಸ್ತಾದ ಅವರು ಕೊನೆಗೆ ಟೀ ತರಿಸಿ, "ಯಾವ ಥರ ಮ್ಯೂಸಿಕ್ ಮಾಡ್ತೀಯ?" ಅಂದರಂತೆ. ಐನೂರು ಕಾರ್ಡು ಮಾಡಿಸದ ಪರಿಚಯವನ್ನು ಅರ್ಧ ಚಮಚ ಅರಿಶಿನ ಮಾಡಿಸಿತು.

"ಮುಂದಿನ ಸಲ ಸ್ವಲ್ಪ ಅಕ್ಷತೆನೂ ಹಾಕ್ತೀನಿ" ಅಂದರು ಅತ್ತೆ.

ಮೂವತ್ತು ಜನ

ಮ್ಯಾನೇಜರು ಒಂದು ಅವಕಾಶ ಕೊಟ್ಟರು. ಭಾನುವಾರ ಮಧ್ಯಾಹ್ನ ಮೂರರಿಂದ ಐದು, ಕಾಲೇಜು ಮಕ್ಕಳು ಬರುವ ಹೊತ್ತು, ಬರೀ ಜ್ಯೂಸು ಸ್ಯಾಂಡ್‌ವಿಚ್ಚು. "ಮೂವತ್ತು ಜನರನ್ನ ನೀನು ಕರ್ಕೊಂಡು ಬಂದ್ರೆ ಪ್ರತಿ ಭಾನುವಾರ ನಿಂದೇ. ಬರ್ಲಿಲ್ಲ ಅಂದ್ರೆ ಮತ್ತೆ ಫೋನ್ ಮಾಡ್ಬೇಡ." ದೀಪಾವಳಿಗೆ ಉಳಿದಿದ್ದು ಹತ್ತು ದಿನ.

"ನಿಂಗೆ ಯಾರು ಬರ್ತಾರೋ?" ಅಂದೆ.

"ಆ ಎಂಟು ಜನ ಬರ್ತಾರೆ. ಆದ್ರೆ ಡಿಜೆಗಳು ಕುಣಿಯಲ್ಲ ಅತ್ತಿಗೆ. ಗೋಡೆಗೆ ಒರಗಿ ನಾನೆಲ್ಲಿ ತಪ್ತೀನಿ ಅಂತ ನೋಡ್ತಾರೆ."

ಅವತ್ತು ಸಂಜೆ ಕುಂಕುಮದ ಬಟ್ಟಲು ಹಿಡಿದು ನಾನೇ ಹೊರಟೆ, ನಾಮಕರಣಕ್ಕೆ ಕರೆಯುವ ಹಾಗೆ. ಅತ್ತೆಯ ಭಜನೆ ಮಂಡಳಿ, ನನ್ನ ರವಿಕೆ ಹೊಲಿಯುವವಳು, ನಾವು ಪಾಟಿ ಅಂತ ಕರೆಯುವ ಎದುರು ಮನೆ ತಮಿಳು ಅಜ್ಜಿ, ಅವರ ಇಬ್ಬರು ಸೊಸೆಯರು, ಒಬ್ಬರನ್ನೂ ಬಿಡಲಿಲ್ಲ.

ಭಾನುವಾರ ನಲವತ್ತೊಂದು ಜನ ಬಂದರು. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ. ಬಾಗಿಲಿಗೆ ಬಂದವರೇ ಯಾರೂ ಹೇಳದೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಬಾಗಿಲಲ್ಲಿ ನಿಂತ ಕಟ್ಟುಮಸ್ತಾದ ಬೌನ್ಸರ್ ಏನು ಮಾಡಬೇಕೆಂದು ತಿಳಿಯದೆ ಚಪ್ಪಲಿಗಳನ್ನು ಜೋಡಿಸಿಟ್ಟ. ಹಿಂದೆ ಬಂದ ಕಾಲೇಜು ಮಕ್ಕಳು ಇದೇನೋ ಹೊಸ ಫ್ಯಾಷನ್ ಇರಬೇಕೆಂದು ತಾವೂ ಶೂ ಬಿಚ್ಚಿದರು. ಎಂಟು ಜನ ಡಿಜೆಗಳೂ ಸಾಕ್ಸಿನಲ್ಲೇ ಗೋಡೆಗೆ ಒರಗಿದರು.

ನಮ್ಮವರು ಸಂಗೀತ ಕಚೇರಿಗೆ ಕೂತಂತೆ ಸಾಲಾಗಿ ಕೂತರು. ಮೈದುನ ಶುರು ಮಾಡಿದ. ಗುಂಡಿ ತಿರುಗಿಸುತ್ತಾ ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಳಗೆ ಸೇರಿಸುವುದೇ ಡಿಜೆಗಳ ವಿದ್ಯೆ. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆ ಕಳೆಯಿತು. ಯಾರೂ ಕೂತಲ್ಲಿಂದ ಅಲುಗಾಡಲಿಲ್ಲ. ಮ್ಯಾನೇಜರು ಗಡಿಯಾರ ನೋಡಿದರು.

ಆಗ ಪಾಟಿ ನನ್ನ ಕಡೆ ತಿರುಗಿದರು. "ಏನಮ್ಮಾ, ನಿಮ್ಮ ಪೈಯನ್ ಹಾಡು ನಿಲ್ಸೋದೇ ಇಲ್ವಾ? ಚಪ್ಪಾಳೆ ಹೊಡಿಯೋಕೆ ಎಲ್ಲರೂ ಎಷ್ಟೊತ್ತು ಕಾಯೋದು?"

"ನಿಲ್ಸೋದಿಲ್ಲ ಪಾಟಿ. ನೀವು ನಡುವೆನೇ ಹೊಡೀರಿ."

ಅವರು ಶುರು ಮಾಡಿದರು. ಭಜನೆ ಮಂಡಳಿ ಸೇರಿತು. ಇಪ್ಪತ್ತು ವರ್ಷ ತಾಳ ಹಾಕಿದ ಕೈಗಳು, ಒಂದೂ ತಪ್ಪಲಿಲ್ಲ. ಆ ಚಪ್ಪಾಳೆಗೆ ಕಾಲೇಜು ಮಕ್ಕಳು ಎದ್ದರು, ಆಮೇಲೆ ಪಾಟಿಯ ಸೊಸೆಯರು ಎದ್ದರು, ಕೊನೆಗೆ ಗೋಡೆ ಬಿಟ್ಟು ಡಿಜೆಗಳೂ ಕುಣಿದರು, ಸಾಕ್ಸಿನಲ್ಲಿ ಜಾರುತ್ತಾ. ಐದಕ್ಕೆ ಸ್ಯಾಂಡ್‌ವಿಚ್ಚು ಖಾಲಿ.

"ಪ್ರತಿ ಭಾನುವಾರ ನಿಂದೇ" ಅಂದರು ಮ್ಯಾನೇಜರು, ನನ್ನ ಕಡೆಗೂ ನೋಡಿ. "ಆದ್ರೆ ಆ ಅಜ್ಜಿನೂ ಬರ್ಬೇಕು."

ನಮ್ಮ ಜೊತೆ ಬಂದಿದ್ದ ಮಾವನವರು ಎರಡು ಗಂಟೆಯೂ ಮಗನ ಪಕ್ಕ ನಿಂತು ಅವನ ಕೈಯನ್ನೇ ನೋಡಿದ್ದರು. ಮನೆಗೆ ಬರುವಾಗ ಬಸ್ಸಿನಲ್ಲಿ ಮೈದುನ ಮುಂದೆ ನಿಂತಿದ್ದ, ನಾವು ಹಿಂದೆ ಕೂತಿದ್ದೆವು.

"ಕೈ ಚೆನ್ನಾಗಿದೆ" ಅಂದರು ಮೆಲ್ಲಗೆ. "ಆ ಫಾರಂ ನಾಳೆ ವಾಪಸ್ ಕೊಟ್ಬಿಡ್ತೀನಿ."

ನನಗೆ ಕಣ್ಣು ತುಂಬಿತು. ಅಷ್ಟರಲ್ಲಿ ಅವರು ಇನ್ನೂ ಹತ್ತಿರ ಬಗ್ಗಿದರು.

"ಆದ್ರೆ ಒಂದು ಹೇಳಮ್ಮ. ನಾನು ಮೂವತ್ತು ವರ್ಷ ಲೇತ್ ಮೆಷಿನ್ ತಿರುಗಿಸ್ದೆ. ಎರಡು ಗಂಟೆ ತಿರುಗಿಸಿದ್ರೆ ಕೊನೆಗೆ ಕೆಳಗೆ ಒಂದು ಬೋಲ್ಟಾದ್ರೂ ಬೀಳೋದು. ಇವ್ನೂ ಎರಡು ಗಂಟೆ ತಿರುಗಿಸಿದ್ನಲ್ಲ, ಏನು ಬಿತ್ತು?"