ನಮ್ಮತ್ತೆಯ ಬೀಗಿತ್ತಿ

ನಮ್ಮ ಸೋದರತ್ತೆಗೆ ಊರ ಮಾರಮ್ಮ ಬೀಗಿತ್ತಿ ಆಗಬೇಕು. ನಂಬಿದರೆ ನಂಬಿ, ಬಿಟ್ಟರೆ ಬಿಡಿ! ನಮ್ಮೂರು ಕೊಪ್ಪದಲ್ಲಿ ಮಿಕ್ಕವರೆಲ್ಲ ಮಾರಮ್ಮನಿಗೆ ದೂರದಿಂದಲೇ ಕೈ ಮುಗಿಯುವವರು. ನಮ್ಮತ್ತೆಯೊಬ್ಬಳು ಗುಡಿಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ ಬೀಗಿತ್ತಿ, ಸಂದಾಕಿದ್ದೀಯಾ? ಮನೇಲಿ ಎಲ್ಲಾ ಸಂದಾಕವ್ರಾ?" ಎಂದು ಕೇಳಿ ಬರುವವಳು. ದೇವರನ್ನು ಹೀಗೂ ವಿಚಾರಿಸಿಕೊಳ್ಳುವುದುಂಟೇ ಎಂದು ಪೂಜಾರಿ ಒಂದು ಸಲ ಆಕ್ಷೇಪಣೆ ಎತ್ತಿದ. "ನಮ್ಮ ನಂಟಸ್ತಿಕೆ ನಮ್ಗಿರ್ಲಿ, ನೀನು ಗಂಟೆ ಒಡಿ" ಎಂದಳು. ಅವನು ಗಂಟೆ ಹೊಡೆದ.

ಈಕೆ ನಮ್ಮಪ್ಪನ ಅಕ್ಕ. ದುದ್ದದ ಕಡೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಹೆಣ್ಣು ಕೂಸೊಂದನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಆ ಕೂಸು ನನಗಿಂತ ಹದಿನೆಂಟು ದಿನಕ್ಕೆ ದೊಡ್ಡದು. ನಮಗಿಬ್ಬರಿಗೂ ನಾಲ್ಕು ವರ್ಷವಾಗಿದ್ದಾಗ ಊರಿಗೆ ಅಮ್ಮ ಬಂದಳು. ಸಿಡುಬಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹುಡುಗಿ ಹೋದಳು, ನಾನು ಉಳಿದೆ. ಅವಳ ಬಗ್ಗೆ ನನಗಿರುವ ನೆನಪು ಒಂದೇ. ಒರಳುಕಲ್ಲಿನ ಮೇಲೆ ಕುಳಿತು, ನಾನು ಎಷ್ಟು ಎಳೆದರೂ ಇಳಿಯದೆ ನಾಲಿಗೆ ಚಾಚುತ್ತಿದ್ದಳು. ಅದನ್ನಾದರೂ ನಾನು ನಿಜವಾಗಿ ಕಂಡೆನೋ, ಯಾರೋ ಹೇಳಿದ್ದನ್ನು ಕಂಡೆನೆಂದು ತಿಳಿದುಕೊಂಡಿದ್ದೇನೋ, ಆಣೆ ಇಟ್ಟು ಹೇಳಲಾರೆ. ಆಮೇಲೆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಅತ್ತೆಯಂತೂ ಎತ್ತಲೇ ಇಲ್ಲ.

ಸಿಡುಬು ಬಾರದಿರಲಿ ಎಂದು ತೋಳನ್ನು ಗೀರಿ ಮದ್ದು ಹಚ್ಚುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ದೇವಿ ಹಾಕುವುದು ಎಂದು ಹೆಸರು. ಆ ಕೆಲಸದ ಸರ್ಕಾರಿ ನೌಕರರೊಬ್ಬರು ವರ್ಷಕ್ಕೊಂದು ಸಲ ಸೈಕಲ್ಲಿನ ಮೇಲೆ ಬರುತ್ತಿದ್ದರು. ಊರವರು ಅವರನ್ನು ದೇವಿ ಅಯ್ನೋರು ಎಂದೇ ಕರೆಯುತ್ತಿದ್ದರು. ಬೇರೆ ಊರುಗಳಲ್ಲಿ ಆ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಮಕ್ಕಳು ಅಟ್ಟದ ಮೇಲೆ, ಹುಲ್ಲಿನ ಮೆದೆಯೊಳಗೆ, ರಾಗಿ ವಾಡೆಯ ಹಿಂದೆ ಮಾಯವಾಗುತ್ತಿದ್ದವಂತೆ. ಸಿಕ್ಕ ಮಕ್ಕಳ ತೋಳನ್ನೂ ಅಯ್ನೋರು ಬೆನ್ನು ತಿರುಗಿಸುತ್ತಲೇ ತಾಯಂದಿರು ಒರೆಸಿಬಿಡುತ್ತಿದ್ದರಂತೆ. ಕೊಪ್ಪದಲ್ಲಿ ಅದೆಲ್ಲ ನಡೆಯುತ್ತಿರಲಿಲ್ಲ. ಏಕೆಂದರೆ ಕೊಪ್ಪದಲ್ಲಿ ನಮ್ಮತ್ತೆ ಇದ್ದಳು!

ಹುಣಸೆ ಬರಲು ಹಿಡಿದು ಮನೆಮನೆಗೂ ನುಗ್ಗುತ್ತಿದ್ದಳು. ಮೆದೆಗೆ ಕೈ ಹಾಕಿ ಮಕ್ಕಳನ್ನು ಕಾಲು ಹಿಡಿದು ಎಳೆಯುತ್ತಿದ್ದಳು. ಒಂದು ಸಲ ಹೀಗೆ ಎಳೆದಾಗ ಬಂದದ್ದು ಮಗುವಲ್ಲ, ಊರಿನ ಶ್ಯಾನುಭೋಗರ ಅಳಿಯ. ಗಡ್ಡ ಬಂದ ಗಂಡಸು! ಅವರಿಗೂ ಹಾಕಿಸಿಯೇ ಕಳುಹಿಸಿದಳು. ಹಾಕಿಸಿದ ಮೇಲೆ ಮಕ್ಕಳನ್ನೆಲ್ಲ ನಮ್ಮ ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಮದ್ದು ಒಣಗುವವರೆಗೆ ಎದುರಿಗೇ ಕುಳಿತಿರುತ್ತಿದ್ದಳು. ನೊಣ ಕೂತರೂ ಬರಲು ಏಳುತ್ತಿತ್ತು. ತಾಯಂದಿರು ಹತ್ತಿರ ಬಂದರೂ ಏಳುತ್ತಿತ್ತು.

"ನನ್ನ ಮಗೀನ ನಾನು ಮುಟ್ಟಂಗಿಲ್ವಾ?" ಎಂದು ಒಬ್ಬಳು ಜಗಳಕ್ಕೆ ನಿಂತಳು.

"ಒಣಗೋಗಂಟ ನಿನ್ನ ಮಗ ಅಲ್ಲ ಕಣಮ್ಮಿ, ನನ್ನ ಮಗ. ಒಣಗಿದ್ಮೇಲೆ ತಕ್ಕಂಡೋಗು, ಬೇಕಾದ್ರೆ ಮುದ್ದೆ ಜೊತೆ ನೆಂಚ್ಕೊ."

ಇಷ್ಟಕ್ಕೇ ನಿಂತಿದ್ದರೆ ದೇವಿ ಅಯ್ನೋರು ನಮ್ಮತ್ತೆಗೆ ಸರ್ಕಾರದಿಂದ ಒಂದು ಪದಕವನ್ನೇ ಕೊಡಿಸುತ್ತಿದ್ದರೋ ಏನೋ. ಆದರೆ ನಿಲ್ಲಲಿಲ್ಲ. ಸಿಡುಬು ಎದ್ದ ಮನೆಗೆ ಕೆಲವು ಕಟ್ಟಳೆಗಳಿದ್ದವು. ಬಾಗಿಲಿಗೆ ಬೇವು ಕಟ್ಟಬೇಕು. ಒಗ್ಗರಣೆ ಕೂಡದು, ಕರಿದದ್ದು ಕೂಡದು. ಒಂಬತ್ತನೆಯ ದಿನ ಮೈಗೆ ನೀರು ಹಾಕಿ, ಮೊಸರನ್ನದ ಎಡೆಯಿಟ್ಟು, ಅಮ್ಮನನ್ನು ಊರಾಚೆಗೆ ಕಳುಹಿಸಿ ಬರಬೇಕು. ಅಲ್ಲಿಯವರೆಗೆ ಊರ ಗಡಿ ದಾಟಕೂಡದು. ಇಷ್ಟನ್ನೂ ನಮ್ಮತ್ತೆ ದೇವಿ ಹಾಕಿಸಿಕೊಂಡವರಿಗೂ ಹೊರಿಸಿದಳು. ಹೀಗಾಗಿ ವರ್ಷಕ್ಕೆ ಒಂಬತ್ತು ದಿನ ಕೊಪ್ಪದ ಅರ್ಧ ಊರಿಗೆ ಒಗ್ಗರಣೆಯಿಲ್ಲದ ಸಾರು. ಗಂಡಸರು ಸರ್ಕಾರವನ್ನು ಬಯ್ದುಕೊಂಡು ಉಣ್ಣುತ್ತಿದ್ದರು.

"ಅಮ್ಮಾ, ಇದು ಬರೀ ಮದ್ದು. ಮಾರಮ್ಮ ಎಲ್ಲಿ ಬಂದಳು ಇದರಲ್ಲಿ?" ಎಂದು ಅಯ್ನೋರು ಅಂಗಲಾಚಿದರು.

"ನಿಮ್ಗೇನ್ ಬುಡಿ ಸ್ವಾಮಿ. ಸೈಕಲ್ ಮ್ಯಾಲೆ ಕರ್ಕಂಡ್ ಬತ್ತೀರಿ, ಮಕ್ಳ ತೋಳ್ ಮ್ಯಾಲೆ ಕುಂಡ್ರಿಸ್ತೀರಿ, ಒಂಟೋಯ್ತೀರಿ. ಬಂದೋಳ್ಗೆ ಉಣ್ಣಾಕ್ ಇಕ್ಕೋರು ಯಾರು?"

ಅಯ್ನೋರು ಮದ್ದಿನ ಚೀಲ ಕಟ್ಟಿಕೊಂಡು ಸೈಕಲ್ಲು ಹತ್ತಿದರು.

ಇನ್ನು ಬಳೆಯ ವಿಷಯ. ಇದನ್ನು ಬರೆಯುವುದು ನನಗೆ ಸುಲಭವಲ್ಲ. ಒಂಬತ್ತನೆಯ ದಿನದ ಎಡೆಗೆ ಅತ್ತೆ ಪ್ರತಿವರ್ಷ ಆರು ಗಾಜಿನ ಬಳೆ ಇಡುತ್ತಿದ್ದಳು. ತಾನು ಬಳೆ ತೊಡದವಳು, ಬಳೆಗಾರನನ್ನು ಮಾತ್ರ ತಪ್ಪದೆ ಕರೆಯುತ್ತಿದ್ದಳು. ಅಳತೆಗೆ ಯಾರ ಕೈ ಎಂದುಕೊಂಡಿರಿ? ನನ್ನದು! ನೆರೆಹೊರೆಯ ಹುಡುಗರೆಲ್ಲ ಗೋಲಿ ಬಿಟ್ಟು ಬಂದು ಸುತ್ತ ನಿಲ್ಲುತ್ತಿದ್ದರು.

"ಲೇ ನೋಡ್ರುಲಾ, ಗೌಡ್ರ ಮಗ ಸೀಮಂತಕ್ಕೆ ಕುಂತವ್ನೆ!"

"ಅತ್ತೆ, ಮಾರಮ್ಮನ ಬಳೆಗೆ ನನ್ನ ಕೈ ಯಾಕೆ?" ಎಂದು ನಾನು ಅಳುತ್ತಿದ್ದೆ.

"ದೇವ್ರ ಕೈ ಎಸ್ಟೈತೆ ಅಂತ ನೋಡ್ದೋರ್ಯಾರು? ನಿಂದೇ ಸರಿ. ಕುಂತ್ಕೊಳ್ಲಾ ಸುಮ್ನೆ."

ನಾನು ಕೂರುತ್ತಿದ್ದೆ. ನನ್ನ ಕೈ ವರ್ಷವರ್ಷವೂ ದೊಡ್ಡದಾಗುತ್ತಿತ್ತು, ಬಳೆಯೂ ದೊಡ್ಡದಾಗುತ್ತಿತ್ತು. ಮಾರಮ್ಮನ ಕೈ ಕೂಡ ಹಾಗೆ ಬೆಳೆಯುವುದುಂಟೇ ಎಂದು ಊರಲ್ಲಿ ಯಾರಿಗೂ ಕೇಳಬೇಕೆನಿಸಲಿಲ್ಲ. ಮಂಡ್ಯದ ಹೈಸ್ಕೂಲಿನಲ್ಲಿ ಲೆಕ್ಕದಲ್ಲಿ ಮೊದಲಿಗನಾದ ನನಗೂ ಅನಿಸಲಿಲ್ಲ.

ನಾಲೆಯ ನೀರು ಬಂದು ನಮ್ಮ ಕಡೆ ಕಬ್ಬು ಹಾಕಲು ಶುರುವಾಗಿದ್ದ ಕಾಲ. ನಾನು ಹೈಸ್ಕೂಲು ಮುಗಿಸಿದೆ. ಮೈಸೂರಿನ ಕಾಲೇಜಿನಿಂದ ಸೀಟು ಸಿಕ್ಕಿದೆಯೆಂದು ಕಾಗದ ಬಂತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವವನು ನಾನೇ ಮೊದಲು. ಕಾಗದದ ಕೊನೆಯಲ್ಲಿ ಒಂದು ಷರತ್ತಿತ್ತು: ಹೊಸದಾಗಿ ಸೇರುವವರು ಹೊಸದಾಗಿ ದೇವಿ ಹಾಕಿಸಿಕೊಂಡಿರಬೇಕು, ಗೀರಿದಲ್ಲಿ ಸರಿಯಾಗಿ ಬೊಕ್ಕೆ ಎದ್ದಿದೆಯೆಂದು ಸರ್ಟಿಫಿಕೇಟು ತರಬೇಕು. ಇಂಥ ದಿನದೊಳಗೆ ಬಾರದಿದ್ದರೆ ಸೀಟು ಬೇರೆಯವರಿಗೆ.

ದೇವಿ ಅಯ್ನೋರು ಆಗ ಮಳವಳ್ಳಿಯ ಕಡೆ ಸುತ್ತಾಟದಲ್ಲಿದ್ದರು. ಅಪ್ಪ ಪೂರಿಗಾಲಿಯವರೆಗೂ ಹೋಗಿ ಅವರನ್ನು ಹಿಡಿದು ತರುವಷ್ಟರಲ್ಲಿ ಗಡುವಿಗೆ ಉಳಿದದ್ದು ಐದೇ ದಿನ. ಅವರು ನನ್ನ ಎಡತೋಳಿನಲ್ಲಿ, ಚಿಕ್ಕಂದಿನ ಹಳೆಯ ಗುರುತುಗಳ ಕೆಳಗೆ ಗೀರಿದರು. ಎದ್ದದ್ದನ್ನು ನೋಡದೆ ಸರ್ಟಿಫಿಕೇಟು ಬರೆಯಲಾಗದು, ಗಡುವಿನ ದಿನ ಕಾಲೇಜಿನ ಡಾಕ್ಟರಿಗೇ ತೋಳು ತೋರಿಸಿ ಎಂದು ಒಂದು ಚೀಟಿ ಬರೆದುಕೊಟ್ಟರು. ಎಲ್ಲ ಸುಸೂತ್ರವಾಯಿತೆಂದು ಅಪ್ಪ ನಿಟ್ಟುಸಿರು ಬಿಡುವಷ್ಟರಲ್ಲಿ ಬಾಗಿಲಿಗೆ ಬೇವು ಬಿದ್ದಿತ್ತು.

"ಒಂಬತ್ತು ದಿನ ಇವ್ನು ಗಡಿ ದಾಟಂಗಿಲ್ಲ" ಎಂದಳು ಅತ್ತೆ.

"ಅಕ್ಕ, ಸೀಟು ಓಯ್ತದೆ!"

"ಸೀಟು ಓದ್ರೆ ಬತ್ತದೆ. ಓದ ಜೀವ ಬರಾಕಿಲ್ಲ."

ಎರಡು ದಿನ ಮನೆಯಲ್ಲಿ ಪಂಚಾಯಿತಿ ನಡೆಯಿತು. ನಾನು ಊಟ ಬಿಟ್ಟು ಮುಸುಕೆಳೆದು ಮಲಗಿದೆ. ಒಗ್ಗರಣೆಯಿಲ್ಲದ ಊಟ ಬಿಡುವುದು ಅಂಥ ದೊಡ್ಡ ತ್ಯಾಗವೇನಲ್ಲ ಅನ್ನಿ. ಮೂರನೆಯ ದಿನ ಅತ್ತೆ ಹಾಸಿಗೆಯ ಪಕ್ಕ ಬಂದು ಕುಳಿತು, ನನ್ನ ತೋಳನ್ನು ಬಹಳ ಹೊತ್ತು ನೋಡಿದಳು.

"ಅಂಗಾದ್ರೆ ಬೀಗಿತ್ತೀನೂ ಕರ್ಕಂಡ್ ಓಗಾನ. ನಾನೂ ಬತ್ತೀನಿ" ಎಂದಳು.

ದುದ್ದದಿಂದ ವಾಪಸಾದ ಮೇಲೆ ಮಳವಳ್ಳಿ ಸಂತೆಯಿಂದಾಚೆಗೆ ಕಾಲಿಡದಿದ್ದ ನಮ್ಮತ್ತೆ ಐದನೆಯ ದಿನ ಮದ್ದೂರಿನಲ್ಲಿ ರೈಲು ಹತ್ತಿದಳು. ಒಂದು ಕಂಕುಳಲ್ಲಿ ಬೇವಿನ ಸೊಪ್ಪಿನ ಕಟ್ಟು, ಇನ್ನೊಂದರಲ್ಲಿ ಮೊಸರಿನ ಗಡಿಗೆ. ಬುಟ್ಟಿ ಹೊತ್ತ ವಡೆಯವನು ಕಿಟಕಿಗೆ ಬಂದದ್ದೇ ತಡ, "ಎಣ್ಣೆ ವಾಸ್ನೆ! ಅತ್ಲಾಗ್ ಓಗ್ಲಾ!" ಎಂದು ಬೇವಿನ ಕಟ್ಟನ್ನೇ ಬೀಸಿದಳು. ನನ್ನ ಬಾಯಲ್ಲಿ ಬಂದ ನೀರು ಬಾಯಲ್ಲೇ ಉಳಿಯಿತು.

ಡಬ್ಬಿ ತುಂಬಿತ್ತು. ಎದುರಿಗಿದ್ದ ಜರಿ ರುಮಾಲಿನವರೊಬ್ಬರು ಬೇವನ್ನು ನೋಡಿದರು, ನನ್ನನ್ನು ನೋಡಿದರು.

"ಏನಮ್ಮ, ಹುಡುಗನಿಗೆ ಏನಾಗಿದೆ?"

"ಅಮ್ಮ ಬಂದವ್ಳೆ ಕಣಪ್ಪ" ಎಂದಳು ಅತ್ತೆ, ಮದುವೆಯ ಸುದ್ದಿ ಹೇಳುವವಳಂತೆ. "ಇನ್ನೂ ನಾಕ್ ದಿನ ಇರ್ತಾಳೆ."

ರುಮಾಲು ಎದ್ದು ನಿಂತಿತು. ಮಂಡ್ಯ ಬರುವಷ್ಟರಲ್ಲಿ ನಲವತ್ತು ಜನ ಬಾಗಿಲ ಕಡೆಗೆ ಒತ್ತರಿಸಿಕೊಂಡಿದ್ದರು. ಮಂಡ್ಯದಲ್ಲಿ ಅಷ್ಟೂ ಜನ ಧುಮುಕಿದರು. ಗಾರ್ಡು ಓಡಿ ಬಂದ. ನಾನು ಚೀಟಿ ಹಿಡಿದು, ತೋಳು ತೋರಿಸಿ, "ದೇವಿ ಹಾಕಿಸಿಕೊಂಡಿರೋದು ಸ್ವಾಮಿ, ಸಿಡುಬು ಎದ್ದಿರೋದಲ್ಲ" ಎಂದು ಗೋಗರೆದೆ. ಅವನು ಚೀಟಿಯನ್ನು ದೂರದಿಂದಲೇ ಓದಿ ತಲೆಯಾಡಿಸಿದ. ಆದರೆ ಇಳಿದವರಲ್ಲಿ ಒಬ್ಬನೂ ಮತ್ತೆ ಹತ್ತಲಿಲ್ಲ. ಮೈಸೂರಿನವರೆಗೂ ಇಡೀ ಡಬ್ಬಿಯಲ್ಲಿ ನಾವಿಬ್ಬರೇ. ಇಬ್ಬರೇ ಏನು, ಕಿಟಕಿಯ ಪಕ್ಕದ ಜಾಗದಲ್ಲಿ ಬೇವಿನ ಕಟ್ಟು ಕುಳಿತಿತ್ತು. "ಬೀಗಿತ್ತಿ ಗಾಳಿ ತಕ್ಕಳ್ಲಿ" ಎಂದಿದ್ದಳು ಅತ್ತೆ.

ಮಾರನೆಯ ದಿನವೇ ಗಡುವು. ಕಾಲೇಜಿನ ಗುಮಾಸ್ತರು ಬೇವನ್ನು ಕಂಡು ಕುರ್ಚಿಸಮೇತ ಹಿಂದಕ್ಕೆ ಸರಿದು, ಡಾಕ್ಟರ ಕೋಣೆಗೆ ಬೆರಳು ತೋರಿಸಿದರು. ಡಾಕ್ಟರು ವಯಸ್ಸಾದವರು, ನಿಧಾನಿ. ಕನ್ನಡಕ ಏರಿಸಿ ತೋಳು ನೋಡಿದರು.

"ಭೇಷ್, ಚೆನ್ನಾಗಿ ಎದ್ದಿದೆ."

"ಏಳ್ದೆ ಏನು? ಐದ್ ದಿನ ಒಗ್ಗರಣೆ ಇಲ್ದಂಗೆ ಸಾಕಿವ್ನಿ" ಎಂದಳು ಅತ್ತೆ.

ಅವರು ನಕ್ಕು ಸಹಿ ಹಾಕಿದರು. ಸೀಟು ನನ್ನದಾಯಿತು. ನಾವು ಹೊರಡಬೇಕು, ಅಷ್ಟರಲ್ಲಿ ಅವರು ಹಳೆಯ ಗುರುತುಗಳ ಮೇಲೆ ಹೆಬ್ಬೆರಳಿಟ್ಟರು. "ಇದೂ ಚೆನ್ನಾಗಿ ಹಿಡಿದಿದೆ. ಚಿಕ್ಕಂದಿನದಲ್ಲವೇ? ಹಾಕಿಸಿದವರು ಯಾರು, ನೀವೇನಮ್ಮ?"

  ನಮ್ಮತ್ತೆ ಬೇವನ್ನು ಎತ್ತಿಕೊಂಡು ಹೊರಗೆ ಹೋಗಿಬಿಟ್ಟಳು.

ಒಂಬತ್ತನೆಯ ದಿನದವರೆಗೂ ಛತ್ರದಲ್ಲಿ ಉಳಿದೆವು. ಆ ದಿನ ಬೆಳಿಗ್ಗೆ ನನಗೆ ನೀರು ಹಾಕಿ, ಮೊಸರನ್ನ ಕಲಸಿಟ್ಟು, ಪೇಟೆಯ ಬಳೆ ಅಂಗಡಿಗೆ ಕರೆದೊಯ್ದಳು. ಕಾಲೇಜು ಹುಡುಗನಾದ ನಾನು ಬೀದಿಯ ಆಚೀಚೆ ನೋಡಿಕೊಂಡು ಕೈ ಚಾಚಿದೆ. ಅಂಗಡಿಯವನು ಒಂದೊಂದಾಗಿ ಹಾಕಿ ನೋಡಿದ. ಯಾವುದೂ ಗೆಣ್ಣು ದಾಟಲಿಲ್ಲ.

"ಇದು ಗಂಡಸಿನ ಕೈ ಕಣವ್ವ, ಈ ಅಳತೆ ಆಗಲ್ಲ. ಹೆಣ್ಣುಮಗಳಿಗೆ ಎರಡಳತೆ ಚಿಕ್ಕದು ಬೇಕಾಗುತ್ತೆ. ಹುಡುಗಿಗೆ ವಯಸ್ಸೆಷ್ಟು?"

"ಇವ್ನಿಗಿಂತ ಅದಿನೆಂಟು ದಿನಕ್ಕೆ ದೊಡ್ಡೋಳು" ಎಂದಳು ಅತ್ತೆ.

ನನ್ನ ಕೈ ಇನ್ನೂ ಅಂಗಡಿಯವನ ಕೈಯಲ್ಲಿತ್ತು. ಹಿಂದಕ್ಕೆಳೆದುಕೊಳ್ಳಲು ನನಗೆ ತೋಚಲಿಲ್ಲ. ಹದಿಮೂರು ವರ್ಷದ ಹದಿಮೂರು ಅಳತೆಯ ಬಳೆಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಮಗಳು ಯಾರ ಮನೆಯಲ್ಲಿದ್ದಾಳೋ ಆ ಮನೆಯೊಡತಿ ತಾಯಿಗೆ ಬೀಗಿತ್ತಿಯಲ್ಲದೆ ಮತ್ತೇನು? ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದು ಕೇಳದೆ ಇರುವುದು ಹೇಗೆ? ಬಂದಾಗ ಬರಿಗೈಯಲ್ಲಿ ಕಳುಹಿಸುವುದಾದರೂ ಹೇಗೆ?

ಚಿಕ್ಕ ಬಳೆಗಳನ್ನೇ ಕಟ್ಟಿಸಿಕೊಂಡಳು. ಛತ್ರದ ಹಿಂದೆ ಒಂದು ಕೆರೆಯಿತ್ತು. ಅದರ ದಂಡೆಯಲ್ಲಿ ಬೇವು ಹಾಸಿ, ಎಡೆಯಿಟ್ಟು, ಬಳೆಯಿಟ್ಟು ಕುಳಿತಳು. ನೀರನ್ನು ನೋಡುತ್ತಲೇ ಹೇಳಿದಳು:

"ನಿಮ್ಮಿಬ್ರಿಗೂ ಒಂದೇ ದಿನ ಆಕುದ್ರು ಕಣ್ಲಾ. ಅಯ್ನೋರು ಅತ್ಲಾಗ್ ತಿರುಗುದ್ರು, ಸೆರಗ್ನಾಗೆ ಅವ್ಳ ತೋಳ್ ಒರ್ಸ್‌ಬುಟ್ಟೆ. ಆಗ ಎಲ್ರೂ ಒರ್ಸೋರು. ನಿಂದೂ ಒರ್ಸಾಕ್ ಬಂದೆ. ನೀನು ಅಳ್ತಾ ಓಡೋದೆ. ಇಡ್ಕಳಾಕ್ ಆಗ್ನಿಲ್ಲ."

ಆಮೇಲೆ ಎಡೆಯ ಕಡೆ ತಿರುಗಿ, ಎಂದಿನ ಜೋರಿನಲ್ಲೇ ಅಂದಳು: "ಓಗ್ಬಾ ಬೀಗಿತ್ತಿ. ಅಳ್ತೆ ಸಣ್ದಾದ್ರೆ ಬೇಜಾರ್ ಮಾಡ್ಕಬ್ಯಾಡ ಅಂತ ಅವ್ಳಿಗೆ ಯೋಳು. ಇನ್ಮುಂದ್ಕೆ ಇವ್ನು ಊರಾಗಿರಾಕಿಲ್ಲ."

ಆ ಸಂಜೆ ಅತ್ತೆಯನ್ನು ರೈಲು ಹತ್ತಿಸಿದೆ. ಬೇವಿಲ್ಲದ ಅತ್ತೆಯ ಪಕ್ಕ ಜನ ಒತ್ತಿಕೊಂಡು ಕುಳಿತರು.

ಮರುವರ್ಷ ಬೇಸಿಗೆಯ ರಜಕ್ಕೆ ಊರಿಗೆ ಹೋಗಿದ್ದೆ. ದೇವಿ ಅಯ್ನೋರು ಬಂದು ಹೋದ ವಾರವೇ ಬಳೆಗಾರನ ಕೂಗು ಕೇಳಿಸಿತು. ಅತ್ತೆ ಜಗಲಿಗೆ ಬಂದು ನನ್ನ ಮುಖ ನೋಡಿದಳು. ಗೋಲಿಯಾಡುತ್ತಿದ್ದ ಹುಡುಗರು ಎದ್ದು ನಿಂತರು. ನಾನು ಹೋಗಿ ಬಳೆಗಾರನ ಮುಂದೆ ಕುಳಿತು, ಅಂಗಿಯ ತೋಳು ಮಡಿಸಿ, ಕೈ ಚಾಚಿದೆ.

"ಇದಕ್ಕಿಂತ ಎರಡಳತೆ ಚಿಕ್ಕದು ಕೊಡಪ್ಪ" ಎಂದೆ.